ಜಾಲಿ ಬಾಗಿಲ ಬಳಿಯ ಚೌಕಾಬಾರಾ

ಚೆಂಬೂರಿನ ಬಿಲ್ಡಿಂಗೊಂದರ ನಾಲ್ಕನೇ ಮಾಳಿಗೆ. ಮಗ ಶಶಿಕಾಂತ, ಸೊಸೆ ವಂದನಾ ಮುಂಜಾನೆ ಕೆಲಸಕ್ಕೆ ಹೊರಡುವಾಗ ಮನೆಯ ಕಬ್ಬಿಣದ ಸರಳಿನ ಜಾಲಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಿದ್ದರು. ಒಳಗೆ ಉಳಿಯುತ್ತಿದ್ದವರು ತಂದೆ ಮುರಿಗೆಪ್ಪ ಮತ್ತು ತಾಯಿ ರುದ್ರವ್ವ.

ವಿಜಯಪುರದ ಕಡೆಯಿಂದ ಬಂದು, ರಿಫೈನರಿಯಲ್ಲಿ ಫಿಟರ್ ಆಗಿ ದುಡಿದು ನಿವೃತ್ತನಾದ ಮುರಿಗೆಪ್ಪನಿಗೆ ಮರೆವಿನ ರೋಗ. ಒಮ್ಮೆ ಯಾರಿಗೂ ಹೇಳದೆ ಲೋಕಲ್ ಹತ್ತಿಬಿಟ್ಟ. ಪನವೇಲ್ ಸ್ಟೇಷನ್ನಿನಲ್ಲಿ ಸಿಕ್ಕಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಮೇಲೆ ರುದ್ರವ್ವ ಕೀಲಿಯನ್ನು ಅಕ್ಕಿ ಡಬ್ಬಿಯಲ್ಲಿ, ದಿಂಬಿನೊಳಗೆ, ಎಲ್ಲೆಲ್ಲಿ ಬಚ್ಚಿಟ್ಟರೂ, ಹೆಂಡತಿಯ ಹೆಸರೇ ಮರೆತವನು ಅದನ್ನು ಮಾತ್ರ ಹುಡುಕಿ ತೆಗೆಯುತ್ತಿದ್ದ. ಕೊನೆಗೆ ಕೀಲಿ ಮಗನ ಜೇಬು ಸೇರಿತು.

"ಡ್ಯೂಟಿ ಟೈಮಾತು. ಬಾಗಿಲಾ ತಗಿ."

"ಇವತ್ತ ಸೂಟಿ ಐತ್ರಿ."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಒಗ್ಗರಣೆ ಹಾಕುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ. ರುದ್ರವ್ವ ಬಚ್ಚಲಿನ ಬಾಗಿಲು ತೆರೆದಿಟ್ಟುಕೊಂಡೇ ಸ್ನಾನ ಮಾಡುತ್ತಿದ್ದಳು.

"ಕೈಗೆ ಏನಾದರೂ ಆಟ ಕೊಡಿ, ಜೊತೆಗೆ ಮಂದಿ ಇರಲಿ," ಅಂದಿದ್ದರು ಡಾಕ್ಟರು. ಬೀಗ ಹಾಕಿದ ಮನೆಗೆ ಮಂದಿಯನ್ನು ಎಲ್ಲಿಂದ ತರುವುದು? ರುದ್ರವ್ವ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರಾದ ಮನೆಗಳನ್ನು ಬರೆದಳು. ಹುಣಸೆಬೀಜಗಳನ್ನು ಒಂದು ಬದಿ ತೇಯ್ದು ಬಿಳಿ ಮಾಡಿದಳು. ಮುರಿಗೆಪ್ಪ ಬೀಜ ಉರುಳಿಸಿದ, ಕಾಯಿ ನಡೆಸಿದ. ಆಟ ಮುಗಿಯುವ ತನಕ ಡ್ಯೂಟಿಯ ಮಾತೆತ್ತಲಿಲ್ಲ. ಆದರೆ ಅವಳು ಅನ್ನ ಬಸಿಯಲು ಎದ್ದರೆ ತಾನೂ ಎದ್ದು ಬಾಗಿಲು ಅಲುಗಿಸುತ್ತಿದ್ದ. ಈಗ ಅವಳಿಗೆ ಅಡುಗೆಮನೆಗೆ ಹೋಗುವ ಸ್ವಾತಂತ್ರ್ಯವೂ ಉಳಿಯಲಿಲ್ಲ. ಅವನ ಕಾಯಿ ಹಿಂದಕ್ಕೆ ನಡೆದರೂ, ತನ್ನ ಕಾಯಿಯನ್ನೇ ತಾನು ಕಡಿದುಕೊಂಡರೂ, ಅವಳು "ಹೂಂರಿ" ಅನ್ನುತ್ತ ಕೂತಿರಬೇಕಿತ್ತು. ಒಂದು ಮಧ್ಯಾಹ್ನ ಸಿಟ್ಟು ಬಂದು ಬೀಜಗಳನ್ನೆಲ್ಲ ಬಾಗಿಲ ಕಡೆ ಎಸೆದಳು.

ಜಾಲಿಯಿಂದ ಹೊರಗೆ ಬಿದ್ದ ಬೀಜವನ್ನು ಎದುರು ಮನೆಯ ರುಕ್ಮಿಣಿಬಾಯಿ ಎತ್ತಿಕೊಂಡಳು. ಬೆಳಗಾವಿಯ ವಿಧವೆ, ಹಗಲೆಲ್ಲ ಒಬ್ಬಳೇ.

"ಅಗಬಾಯಿ, ಚೌಕಾಬಾರಾ! ನಾನೂ ಬರ್ಲೇನ್ರಿ?"

"ಹೊರಗ ಬೀಗ ಐತಲ್ರಿ."

"ಇರ್ಲಿ ಬಿಡ್ರಿ. ಹೊಸ್ತಿಲ ಹತ್ರ ಮನೀ ಬರೀರಿ."

ಮರುದಿನದಿಂದ ರುಕ್ಮಿಣಿಬಾಯಿ ಹೊರಗೆ ಚಾಪೆ ಹಾಸಿ ಕೂತಳು. ಜಾಲಿಯೊಳಗೆ ಕೈ ತೂರಿಸಿ ಕಾಯಿ ನಡೆಸುವಾಗ ಬಳೆ ಸಿಕ್ಕಿಕೊಳ್ಳುತ್ತಿತ್ತು. "ಬಾಯಾರ, ನಿಮ್ಮ ಕಾಯಿ ಸತ್ತುಹೋತು!" ಎಂದು ಮುರಿಗೆಪ್ಪ ನಗುವುದು ಬಚ್ಚಲಿನ ತನಕ ಕೇಳಿಸಿತು. ರುದ್ರವ್ವ ಅಂದು ಬಾಗಿಲು ಮುಚ್ಚಿ, ತಲೆಗೆ ನೀರು ಹಾಕಿಕೊಂಡಳು.

ಸಂಜೆ ಮಗನಿಗೆ ಹೇಳಿದಳು, "ಒಂದು ಕೀಲಿ ರುಕ್ಮಿಣಿಬಾಯಿ ಕೈಯಾಗ ಕೊಡೊ."

"ಅಪ್ಪಾ ಮತ್ತ ಹೊರಬಿದ್ರ ಏನ್ ಮಾಡ್ತೀ ಅವ್ವಾ?"

"ಮರೆವು ಆಗಿದ್ದು ಅವರಿಗಪ್ಪಾ. ನನಗ್ಯಾಕ ಬೀಗ?"

ಶಶಿಕಾಂತ ಮರುದಿನ ಬೆಳಿಗ್ಗೆ ಎದುರು ಮನೆಯ ಬೆಲ್ ಒತ್ತಿ ಕೀಲಿ ಕೊಟ್ಟು ಹೋದ.

ಆದರೆ ಬೀಗ ತೆಗೆದು ರುಕ್ಮಿಣಿಬಾಯಿ ಒಳಗೆ ಬಂದದ್ದೇ ತಡ, ತೆರೆದ ಬಾಗಿಲು ಕಂಡ ಮುರಿಗೆಪ್ಪ ಬೀಜ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದ. ರುಕ್ಮಿಣಿಬಾಯಿ ಸರಕ್ಕನೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿದಳು. ರುದ್ರವ್ವ ಅಷ್ಟರಲ್ಲಿ ಮಾರ್ಕೆಟ್ಟಿಗೆಂದು ಚೀಲ ಹಿಡಿದು ಹೊರಗೆ ಬಂದಿದ್ದಳು. ಜಾಲಿಯಾಚೆಯಿಂದ ಗಂಡ ಅವಳನ್ನೇ ದಿಟ್ಟಿಸಿದ.

"ಹೊರಗ್ಯಾಕ ನಿಂತೀರಿ ಬಾಯಾರ? ಬರ್ರಿ, ಆಟ ಹೂಡೀವಿ."

"ನೀವು ಆಡ್ತಾ ಇರ್ರಿ," ಅಂದಳು. ಮೆಟ್ಟಿಲಿಳಿದಳು.

ಮಾರ್ಕೆಟ್ಟಿನಲ್ಲಿ ಮೆಂತ್ಯೆಸೊಪ್ಪು ಕೊಂಡಳು. ಎಲ್ಲಾದರೂ ಕೂತು ಒಂದು ಚಹಾ ಕುಡಿಯಬೇಕೆಂದು ಎಷ್ಟೋ ದಿನಗಳಿಂದ ಅಂದುಕೊಂಡಿದ್ದಳು. ಹೋಟೆಲಿನ ಎದುರು ನಿಂತಳು. ಒಳಗೆ ಹೋಗಲು ಕಾಲು ಏಳಲಿಲ್ಲ. ಅವನು ಬಾಗಿಲು ಅಲುಗಿಸುವ ಸದ್ದು ಅಲ್ಲಿಯೂ ಕಿವಿಯಲ್ಲಿತ್ತು. ಬೇಗ ಬೇಗ ಮನೆಯ ದಾರಿ ಹಿಡಿದಳು.

ಈಗ ವಾರಕ್ಕೆರಡು ಸಲ ಹೊರಗೆ ಹೋಗುತ್ತಾಳೆ. ಹೋದ ವಾರ ಚಹಾ ಕುಡಿದಳಂತೆ, ನಿಂತುಕೊಂಡೇ.