ಗಾರ್ಡ್ ಸಾಹೇಬರ ಬೋಳುತಲೆ

ನಾಗಪುರದ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಗದಗಿನ ಕಡೆಯ ಗೂಡ್ಸ್ ಗಾರ್ಡ್. ಏನೇ ಆಗಲಿ, ಹಸಿರು ಬಾವುಟ ಬೀಸುವವರಂತೆ ಕೈಯಾಡಿಸಿ, "ಚಲೋ ಆತು ಬಿಡ್ರಿ" ಎನ್ನುತ್ತಿದ್ದರು. ಎಂಬತ್ತರ ದಶಕದಲ್ಲಿ ಕ್ಯಾನ್ಸರ್ ಬಂದು ಶ್ವಾಸಕೋಶದ ಒಂದು ಭಾಗ ತೆಗೆದಾಗಲೂ ಅದೇ ಮಾತು.

ಆಪರೇಷನ್ ಆದಮೇಲೆ ಎರಡು ಮೂರು ಔಷಧಿ ಕೂಡಿಸಿ ಕೊಟ್ಟರೆ ರೋಗ ಮರಳುವುದು ತಪ್ಪೀತೇ ಎಂದು ಡಾಕ್ಟರು ಆಗ ಪರೀಕ್ಷಿಸುತ್ತಿದ್ದರು. ಇವರು ತಕ್ಷಣ ಒಪ್ಪಿದರು. "ಹೊಸಾ ಲೈನಿನ ಮ್ಯಾಲೆ ಯಾರರೆ ಮೊದಲ ಗಾಡಿ ಒಯ್ಯಬೇಕಲ್ರಿ!"

ಔಷಧಿ ಶುರುವಾದದ್ದೇ ಕೂದಲು ಉದುರತೊಡಗಿತು. ಸದರ್ ಪೇಟೆಯ ಕ್ಷೌರದಂಗಡಿಗೆ ಹೋಗಿ ಉಳಿದ ಕೂದಲನ್ನೂ ಮೀಸೆಯನ್ನೂ ಬೋಳಿಸಿಕೊಂಡು ಬಂದರು.

ಅದನ್ನು ಕಂಡ ಕಾಲೊನಿಯವರು ಬೇರೆಯೇ ತಿಳಿದರು. ಸಂಜೆ ನಾಲ್ಕೈದು ಗಂಡಸರು ಮುಖ ಸಪ್ಪಗೆ ಮಾಡಿಕೊಂಡು ಬಂದು ಕುಳಿತರು. ಹಿರಿಯರೊಬ್ಬರು ಗಾರ್ಡ್ ಸಾಹೇಬರ ಕೈ ಹಿಡಿದು, "ಮಾಜೀ ಬಹುತ್ ಅಚ್ಛೀ ಥೀ" ಎಂದು ಅವರ ತಾಯಿಯ ಗುಣಗಾನ ಮಾಡುತ್ತ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಆ ತಾಯಿಯೇ ಚಹಾ ತಂದರು.

"ಯಾರು ಹೋದ್ರೋ?" ಎಂದು ಮಗನನ್ನು ಕೇಳಿದರು.

"ನೀನಽ ಅವ್ವಾ."

ತಟ್ಟೆಯಲ್ಲಿ ಚಹಾ ತುಳುಕುವಂತೆ ನಕ್ಕು ಮುದುಕಿ ಮಗನ ತಲೆ ಸವರಿದರು. "ನಾ ಹೋದ್ರ ಈಗ ಏನ್ ಬೋಳಸ್ತಿ? ಕೂದಲಾ ಬೆಳೀಲಿ. ಅಲ್ಲೀತನಕಾ ನಾ ಎಲ್ಲೂ ಹೋಗಂಗಿಲ್ಲ."

"ಚಲೋ ಆತು ಬಿಡು" ಎಂದರು ಗಾರ್ಡ್ ಸಾಹೇಬರು.

ಕೆಲವು ವರ್ಷಗಳ ನಂತರ ಆ ತಾಯಿ ತೀರಿಕೊಂಡರು. ಅಂದು ಅಂಗಳದಲ್ಲಿ ಕ್ಷೌರಿಕನ ಮುಂದೆ ಕುಳಿತ ಮಗನ ತಲೆತುಂಬ ಕೂದಲಿತ್ತು.