ಬೈದರೆ ತೆರೆಯುವ ಕಣ್ಣು

ಬ್ಯಾಡಗಿಯಲ್ಲಿ ಯಾರಾದರೂ ಕಣ್ಣು ಮುಚ್ಚಿಕೊಂಡರೆ ಕಾರಣ ಹುಡುಕುವ ಕೆಲಸವಿಲ್ಲ, ಮೆಣಸಿನಕಾಯಿ ಘಾಟು ಇದ್ದೇ ಇದೆ. ಸೋಮವ್ವನಿಗೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ. ಶೇಖಪ್ಪನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕಾಯಿ ಆರಿಸಿದವಳು ಅವಳು. ಕೆಂಪು ರಾಶಿಯಲ್ಲಿ ಒಂದು ಬಿಳಿಚಿದ ಕಾಯಿ ಅಡಗಿದ್ದರೂ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಘಾಟೇನು ನಿನ್ನೆ ಬಂದದ್ದೇ? ಆದರೆ ೨೦೦೪ರ ಸುಗ್ಗಿಯಲ್ಲಿ ಎರಡೂ ರೆಪ್ಪೆಗಳು ಪಟಪಟ ಬಡಿಯತೊಡಗಿದವು. ಬರಬರುತ್ತ ತಾವಾಗಿಯೇ ಬಿಗಿದು ಮುಚ್ಚಿಕೊಂಡವು.

ಊರಿಗೆಲ್ಲ ಔಷಧ ಗೊತ್ತಿತ್ತು. ಹರಳೆಣ್ಣೆ ಹಚ್ಚು, ಹಾಲು ಬಿಡು, ಘಾಟಿನಿಂದ ದೂರವಿರು. ಮೇಡ್ಲೇರಿಯ ತವರಿನಲ್ಲಿ ಎರಡು ತಿಂಗಳು ಇದ್ದು ಬಂದಳು. ರೆಪ್ಪೆಗಳೂ ಅವಳ ಸಂಗಡ ಹೋಗಿ ಸಂಗಡವೇ ಬಂದವು. ರಾಣೇಬೆನ್ನೂರಿನ ಡಾಕ್ಟರು ಹನಿ ಬರೆದುಕೊಟ್ಟರು; ಹನಿ ಹಾಕಲು ಕಣ್ಣು ತೆರೆಯಬೇಕಲ್ಲ ಎಂದು ಯಾರೂ ಯೋಚಿಸಲಿಲ್ಲ. ಹಾರುವುದು ಎಡಗಣ್ಣೋ ಬಲಗಣ್ಣೋ ಎಂದು ಶಕುನ ಕೇಳುವವರಿಗೆ ಎರಡೂ ಎಂದು ಹೇಳಿ ಹೇಳಿ ಬಾಯಿ ಸೋತಿತ್ತು.

ಆ ಬಾಯಿಯೇ ಒಂದು ಉಪಕಾರ ಮಾಡಿತು. ಮಾತಾಡುವಷ್ಟು ಹೊತ್ತು ಕಣ್ಣು ತೆರೆದಿರುತ್ತವೆಂದು ಒಂದು ದಿನ ಅವಳಿಗೆ ತಿಳಿಯಿತು. ದಿನವಿಡೀ ಆಡಲು ಮಾತೆಲ್ಲಿಂದ ಬರಬೇಕು? ಬೈಗುಳವಾದರೆ ತೀರುವುದಿಲ್ಲ. ಕಾಯಿಯನ್ನು, ಬಿಸಿಲನ್ನು, ಸತ್ತ ಗಂಡನನ್ನು ಬೈಯುತ್ತ ಆರಿಸತೊಡಗಿದಳು. ಪಕ್ಕದಲ್ಲಿ ಕೂಡುತ್ತಿದ್ದ ನೆರೆಮನೆಯ ಮೈಲವ್ವ, ಇದೆಲ್ಲ ತನಗೇ ಅಂದದ್ದೆಂದು ಮುನಿದು ಸಾಲಿನ ತುದಿಗೆ ಹೋದಳು. ಸುಮ್ಮನೆ ಕೂಡುವುದಾದರೆ ಬಾ, ಇಲ್ಲದಿದ್ದರೆ ಸೋಮವಾರದಿಂದ ಬರಬೇಡ ಎಂದ ಶೇಖಪ್ಪ. ಸುಮ್ಮನಿದ್ದರೆ ಕುರುಡಿ, ಮಾತಾಡಿದರೆ ಜಗಳಗಂಟಿ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಹಾವೇರಿಯ ಡಾಕ್ಟರಿಗೆ ತೋರಿಸಲು ಹೊರಟಳು. ಕೈಹಿಡಿದು ಬಸ್ಸು ಹತ್ತಿಸಲು ಬೇರೆ ಯಾರೂ ಇರಲಿಲ್ಲ. ಮುನಿಸು ಬಿಡದೆಯೇ ಮೈಲವ್ವ ಬಂದಳು. ದಾರಿಯುದ್ದಕ್ಕೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಸೋಮವ್ವನ ಕಣ್ಣೂ ಬಿಚ್ಚಲಿಲ್ಲ. ಮೈಲವ್ವ ಅದನ್ನೇ ನೋಡುತ್ತ ಕುಳಿತಿದ್ದಳು.

ಡಾಕ್ಟರ ಮುಂದೆ ಮಾತ್ರ ಸೋಮವ್ವ ತನ್ನ ಸಂಕಟವನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಕಣ್ಣು ಅಗಲವಾಗಿ ತೆರೆದೇ ಇದ್ದವು. ಏನೂ ದೋಷವಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಚೀಟಿ ಮಡಚಿದರು. ಆಗ ಬಾಗಿಲ ಬಳಿಯಿಂದ ಮೈಲವ್ವ ಅಂದಳು:

“ಸಾಹೇಬ್ರ, ಆಕೀಗೆ ಬಾಯಿ ಮುಚ್ಚು ಅನ್ರಿ. ಬಾಯಿ ಮುಚ್ಚಿದ್ರ ಕಣ್ಣೂ ಮುಚ್ಚತಾವು.”

ಒಂದು ನಿಮಿಷವೂ ಬೇಕಾಗಲಿಲ್ಲ. ಮುಚ್ಚಿ ಬಿಗಿದ ರೆಪ್ಪೆಗಳನ್ನು ನೋಡಿ ಡಾಕ್ಟರು ಮಡಚಿದ ಚೀಟಿ ಬಿಡಿಸಿದರು. ಇದು ಘಾಟಲ್ಲ, ನರದ ತೊಂದರೆ. ಹುಬ್ಬಳ್ಳಿಯಲ್ಲಿ ಕಣ್ಣಿನ ಸುತ್ತ ಸೂಜಿ ಹಾಕುತ್ತಾರೆ, ಮೂರು ತಿಂಗಳು ತಡೆಯುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು ಎಂದರು. ಶೇಖಪ್ಪನಿಗೆ ಇದನ್ನೆಲ್ಲ ತಿಳಿಸಿ ಹೇಳಿದವಳೂ ಮೈಲವ್ವನೇ.

ಸೂಜಿ ಹಾಕಿಸಿ ವಾರ ಕಳೆಯುವಷ್ಟರಲ್ಲಿ ಸೋಮವ್ವ ಸಾಲಿನಲ್ಲಿ ಸುಮ್ಮನೆ ಕುಳಿತು ಬಿಳಿಗಾಯಿ ಆರಿಸಿದಳು. ಸುಮ್ಮನಿರುವುದು ಇಷ್ಟು ಸುಖವೇ ಎಂದು ಅಳು ಬಂತು.

ನಾಲ್ಕನೆಯ ತಿಂಗಳ ಒಂದು ಬೆಳಗ್ಗೆ ರೆಪ್ಪೆ ಮತ್ತೆ ನಡುಗಿತು. ತಕ್ಕಡಿಯ ಬಳಿ ಶೇಖಪ್ಪ ನಿಂತಿದ್ದ. ಸೋಮವ್ವ ಹಲ್ಲು ಕಚ್ಚಿ ಕುಳಿತಳು. ಕಣ್ಣು ಮುಚ್ಚುತ್ತ ಬಂದವು. ಸಾಲಿನ ತುದಿಯಿಂದ ಮೈಲವ್ವ ತನ್ನ ಬುಟ್ಟಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಬಂದಳು.

“ಬೈಯವ್ವ, ನನ್ನನ್ನ ಬೈ. ನಾಳೆ ಹುಬ್ಬಳ್ಳಿಗೆ ಹೋಗೂಣು.”

ಸೋಮವ್ವ ಬಾಯಿ ತೆರೆದಳು. ಮೈಲವ್ವನನ್ನು ಬೈಯಲು ಅವಳಿಗೆ ಒಂದು ಬೈಗುಳವೂ ಸಿಗಲಿಲ್ಲ.