ಹದಿನಾಲ್ಕನೇ ಪೆಟ್ಟಿಗೆ

ಸೆಲ್ಲಕ್ಕ ಎಂದರೆ ಗಣಿಯ ಮಂದಿಗೆಲ್ಲ ಗೊತ್ತು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಗಣಿಯಿಂದ ತೆಗೆದು ಸುರಿದ ಮಣ್ಣು ವರ್ಷಾನುಗಟ್ಟಲೆ ಬಿದ್ದು ಗುಡ್ಡವಾಗಿತ್ತು. ಅದರ ಮೈಮೇಲೆ ಗೂಟ ನೆಟ್ಟು ಮೂವತ್ತೊಂದು ಪುಟ್ಟ ಪೆಟ್ಟಿಗೆ ಕಟ್ಟಿದ್ದರು. ಮಣ್ಣು ಜರುಗಿದರೆ ಗೂಟ ವಾಲುತ್ತದೆ, ಗೂಟ ವಾಲಿದರೆ ಪೆಟ್ಟಿಗೆಗೆ ತಿಳಿಯುತ್ತದೆ. ತಂತಿಗಿಂತಿ ಏನೂ ಇಲ್ಲ. ಒಂದು ಪೆಟ್ಟಿಗೆ ಇನ್ನೊಂದಕ್ಕೆ ಗಾಳಿಯಲ್ಲೇ ಸುದ್ದಿ ದಾಟಿಸಬೇಕು, ಅದು ಆಫೀಸಿಗೆ ಮುಟ್ಟಬೇಕು, ಅಲ್ಲಿ ಸೈರನ್ ಕೂಗಬೇಕು. ಆ ಪೆಟ್ಟಿಗೆಗಳ ಸೆಲ್ ಬದಲಾಯಿಸುವುದು ಅವಳ ಕೆಲಸ. ಗುಡ್ಡದ ಬುಡದಲ್ಲಿ ಹನ್ನೆರಡು ಸಾಲುಮನೆ. ಕೊನೆಯದರಲ್ಲಿ ಅವಳೂ ಅವಳ ತಂಗಿಯೂ. ತಂಗಿ ಬೆಳಗಾದರೆ ಹೊಲಿಗೆ ಮಿಷನ್ ಮುಂದೆ ಕೂತವಳು ಊಟಕ್ಕೆ ಮಾತ್ರ ಏಳುತ್ತಿದ್ದಳು.

ಕೆಲಸಕ್ಕೆ ಸೇರಿದ ದಿನ ಇಂಜಿನಿಯರು ಬಿಡಿಸಿ ಹೇಳಿದ್ದರು. "ನೋಡಮ್ಮಾ, ಮೂವತ್ತೊಂದೂ ಬಾಯಿ ಬಿಟ್ರೆ ಮೂರು ವಾರಕ್ಕೆ ಸೆಲ್ಲೆಲ್ಲ ಖಾಲಿ. ಅದಕ್ಕೇ ನಡುವಿನ ಮೂರು ಪೆಟ್ಟಿಗೆ ಮಾತ್ರ ಬೇರೆಯವರ ಸುದ್ದಿ ಮುಂದಕ್ಕೆ ದಾಟಿಸ್ತವೆ. ಉಳಿದವು ತಮ್ಮ ಕಷ್ಟ ಒಂದ್ಸಲ ಹೇಳಿ ಮಲಗ್ತವೆ."

"ಪುಣ್ಯವಂತರು ಬಿಡಿ ಸಾರ್," ಅಂದಿದ್ದಳು ಸೆಲ್ಲಕ್ಕ. "ನಮ್ಮ ಸಾಲುಮನೇಲಿ ಒಬ್ರು ಕೆಮ್ಮಿದ್ರೆ ಹನ್ನೆರಡು ಮನೆಯವರೂ ಬಾಯಿ ಬಿಡ್ತಾರೆ."

ನಡುವಿನ ಮೂರರ ಸೆಲ್ ತಿಂಗಳಿಗೇ ಸೋರಿಹೋಗುತ್ತಿತ್ತು, ಅಂಚಿನವು ಹಾಗೇ ಗಟ್ಟಿಯಾಗಿರುತ್ತಿದ್ದವು. ಸೆಲ್ಲಕ್ಕ ತನ್ನದೇ ಒಂದು ಉಪಾಯ ಮಾಡಿಕೊಂಡಳು. ಅಡುಗೆಮನೆಯ ಕೆಲಸವನ್ನು ಸರದಿ ಮೇಲೆ ಹಂಚಿದ ಹಾಗೆ, ದಣಿದ ಸೆಲ್ ಅಂಚಿಗೆ, ಗಟ್ಟಿ ಸೆಲ್ ನಡುವಿಗೆ. ಇಂಜಿನಿಯರೇ ಭೇಷ್ ಎಂದಿದ್ದರು.

ಮಳೆ ಹಿಡಿದ ಮೂರನೇ ದಿನ, ನಡುವಿನ ಮೂರರಲ್ಲಿ ಒಂದಾದ ಹದಿನಾಲ್ಕರ ಸರದಿ ಬಂತು. ಗುಡ್ಡದ ಮೇಲರ್ಧದ ಸುದ್ದಿಯೆಲ್ಲ ಇಳಿಯಬೇಕಾದದ್ದು ಅದರ ಮೂಲಕವೇ. ಮುಚ್ಚಳದ ಸ್ಕ್ರೂ ತುಕ್ಕು ಹಿಡಿದು ಕೂತಿತ್ತು, ಬೆರಳು ಮರಗಟ್ಟಿದ್ದವು. ಪೆಟ್ಟಿಗೆ ಅಂದರೆ ಪೆಟ್ಟಿಗೆ ತಾನೆ ಎಂದುಕೊಂಡು, ಹದಿನಾಲ್ಕನ್ನೂ ದಿಬ್ಬದ ಹಿಂದಿನ ಇಪ್ಪತ್ತೇಳನ್ನೂ ಆಫ್ ಮಾಡಿ, ಇಡಿಯಾಗಿ ಅದಲುಬದಲು ಕಟ್ಟಿ, ಮತ್ತೆ ಆನ್ ಮಾಡಿ ಇಳಿದುಬಂದಳು.

ಮಾರನೇ ದಿನ ಮಧ್ಯಾಹ್ನ ಆಫೀಸಿನ ಗುಮಾಸ್ತ ನಕ್ಕ. "ಮೇಲಿನವು ನಿನ್ನೆಯಿಂದ ಗಪ್‌ಚಿಪ್, ಸೆಲ್ಲಕ್ಕಾ. ಗುಡ್ಡ ಗೊರಕೆ ಹೊಡೀತಿರ್ಬೇಕು."

ಅವಳೂ ನಕ್ಕು ಚೀಲ ಹೆಗಲಿಗೇರಿಸಿ ಹತ್ತಿದಳು. ಅರ್ಧ ದಾರಿಯಲ್ಲಿ ತಲೆಯೆತ್ತಿದವಳು ನಿಂತುಬಿಟ್ಟಳು. ಮೇಲಿನ ಗೂಟಗಳೆಲ್ಲ ಸಾಲುಮನೆಯ ಕಡೆಗೆ ವಾಲಿದ್ದವು. ಅವುಗಳ ಕೆಳಗೆ ಕಾಲು ಹುಗಿಯುವಷ್ಟು ಅಗಲದ ಬಿರುಕು. ಇಷ್ಟಾದರೂ ಸೈರನ್ ಇಲ್ಲ.

ಹದಿನಾಲ್ಕನೇ ಗೂಟದಲ್ಲಿ ಇಪ್ಪತ್ತೇಳನೇ ಪೆಟ್ಟಿಗೆ ಸುಮ್ಮನೆ ನೇತಾಡುತ್ತಿತ್ತು. ಆಗ ಹೊಳೆಯಿತು ಅವಳಿಗೆ. ಯಾರು ದಾಟಿಸಬೇಕು, ಯಾರು ಮಲಗಬೇಕು ಎಂಬುದನ್ನು ಬರೆದಿರುವುದು ಪೆಟ್ಟಿಗೆಯ ಹೊಟ್ಟೆಯೊಳಗೆ, ಗೂಟದ ಮೇಲಲ್ಲ. ದಾಟಿಸಬೇಕಾದದ್ದನ್ನು ತಾನೇ ಒಯ್ದು ಮೇಲಿನವುಗಳ ಮಾತು ಕೇಳಿಸದ ದಿಬ್ಬದ ಹಿಂದೆ ಕಟ್ಟಿದ್ದಳು.

ಮೊಬೈಲಿಗೆ ಅಲ್ಲಿ ಸಿಗ್ನಲ್ ಸಿಗದು, ಮಳೆಯಲ್ಲಿ ಕೂಗಿದರೆ ಕೇಳದು. ಬಳಸುದಾರಿಯಲ್ಲಿ ಇಳಿಯಲು ಅರ್ಧ ಗಂಟೆ ಬೇಕು. ಇಲ್ಲಿರುವ ಇಪ್ಪತ್ತೇಳನ್ನೇ ವಾಲಿಸಿದರೂ ಅದರ ಸಣ್ಣ ದನಿ ಆಫೀಸಿಗೆ ಮುಟ್ಟದು. ದಿಬ್ಬ ಐವತ್ತು ಹೆಜ್ಜೆ, ಆದರೆ ಬಿರುಕು ದಾಟಿ ಹೋಗಬೇಕು. ಅವಳು ಸೆರಗು ಸಿಕ್ಕಿಸಿ ದಾಟಿದಳು. ಹದಿನಾಲ್ಕನ್ನು ಕಿತ್ತುಕೊಂಡು ತಿರುಗುವಷ್ಟರಲ್ಲಿ, ನಿಂತ ನೆಲ ಮಗ್ಗುಲು ಬದಲಾಯಿಸುವ ಮನುಷ್ಯನ ಹಾಗೆ ಮಿಸುಕಿತು.

ಬಿದ್ದು ಎದ್ದು ಹದಿನಾಲ್ಕನೇ ಗೂಟಕ್ಕೆ ಹಿಂದಿರುಗಿ, ಪೆಟ್ಟಿಗೆಯನ್ನು ಓರೆಯಾಗಿ ತಲೆಯ ಮೇಲೆ ಎತ್ತಿ ಹಿಡಿದಳು. ವಾಲಿದ್ದು ತಿಳಿದರೆ ಅದೇ ಸುದ್ದಿ ಹೇಳಬೇಕು. ಆದರೆ ಸೆಲ್ ಉಳಿಸಲೆಂದು ಅದು ಕಣ್ಣು ಬಿಡುತ್ತಿದ್ದದ್ದೇ ಐದು ನಿಮಿಷಕ್ಕೊಮ್ಮೆ. ಈಗಷ್ಟೇ ಬಿಟ್ಟು ಮುಚ್ಚಿತ್ತೋ, ಇನ್ನು ಬಿಡುವುದಿತ್ತೋ, ಯಾರಿಗೆ ಗೊತ್ತು?

"ಏಳೇ ನಮ್ಮವ್ವಾ, ಏಳು. ನನ್ನ ತಂಗಿ ಒಳಗಿದಾಳೆ ಕಣೇ," ಎಂದು ಗೋಗರೆದಳು. ಕೆಸರು ಹಿಮ್ಮಡಿ ಮುಚ್ಚಿತು, ಮೀನಖಂಡಕ್ಕೆ ಬಂತು. ತೋಳು ಸೋತು ಬೀಳುವಂತಾದಾಗ ಕೆಂಪು ದೀಪ ಒಮ್ಮೆ ಮಿಣಕ್ಕೆಂದಿತು.

ಸೈರನ್ ಕೂಗಿತು.

ಕೆಳಗೆ ಜನ ಬಾಗಿಲು ಬಾಗಿಲಿಂದ ಹೊರಬೀಳುತ್ತಿದ್ದರು. ಕೊನೆಯ ಮನೆಯ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಆ ಹಾಳು ಮಿಷನ್ ಸದ್ದಿನಲ್ಲಿ ಅವಳಿಗೇನು ಕೇಳೀತು! ಸೆಲ್ಲಕ್ಕ ಪೆಟ್ಟಿಗೆಯನ್ನು ಅವಚಿಕೊಂಡೇ ಜಾರುತ್ತ ಉರುಳುತ್ತ ಇಳಿದಳು. ಬೆನ್ನ ಹಿಂದೆ ಲಾರಿ ಮಣ್ಣು ಸುರಿದಂಥ ಸದ್ದು. ರಸ್ತೆ ಮುಟ್ಟಿ ತಿರುಗಿದರೆ ಕೊನೆಯ ಎರಡು ಮನೆ ಇರಲಿಲ್ಲ.

"ಅಕ್ಕಾ!"

ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಅರ್ಧ ಹೊಲಿದ ಲಂಗ. ಪಕ್ಕದ ಮನೆಯವಳು ಹಿತ್ತಲ ಬಾಗಿಲಿಂದ ದರದರ ಎಳೆದು ತಂದಿದ್ದಳಂತೆ. "ಬದುಕಿದೀನಲ್ಲ! ಆ ಪೆಟ್ಟಿಗೆ ಬಿಡು," ಎಂದು ಬೆರಳು ಒಂದೊಂದಾಗಿ ಬಿಡಿಸಿದಳು.

"ಸೈರನ್ ಎಷ್ಟೋ ಮೊದಲೇ ಕೂಗಬೇಕಿತ್ತು," ಅಂದಳು ಸೆಲ್ಲಕ್ಕ. "ಪೆಟ್ಟಿಗೆ ಅದಲುಬದಲು ಮಾಡಿದ್ದು ನಾನು ಕಣೇ."

ತಂಗಿ ಮನೆಯಿದ್ದ ಜಾಗವನ್ನೇ ನೋಡಿದಳು. ಮೂರು ದಿನ ಮಾತಾಡಲಿಲ್ಲ.

ಇಂಜಿನಿಯರಿಗೂ ಸೆಲ್ಲಕ್ಕ ಮುಚ್ಚಿಡದೆ ಹೇಳಿದಳು. ಅವರು ಬೈದರು, ಕೆಲಸದಿಂದ ತೆಗೆಯಲಿಲ್ಲ. ನಾಲ್ಕನೇ ಬೆಳಿಗ್ಗೆ ಅವಳು ಚೀಲ ಹಿಡಿದು ಹೊರಟಾಗ ತಂಗಿ ಅವರಿಗೆ ಆಸರೆ ಸಿಕ್ಕಿದ್ದ ಮನೆಯ ಹೊಸಿಲಿಗೆ ಬಂದು ನಿಂತಳು.

"ಒಂದೊಂದರ ನಂಬರೂ ಓದು. ಗೂಟದ್ದೂ ಓದು. ಬಂದು ನಂಗೆ ಹೇಳು."

ಅಂದಿನಿಂದ ಸೆಲ್ಲಕ್ಕ ಗುಡ್ಡ ಇಳಿದು ಬಂದು ಮೂವತ್ತೊಂದನ್ನೂ ಒಪ್ಪಿಸುವವರೆಗೆ ತಂಗಿ ಎರವಲು ತಂದ ಮಿಷನ್ನಿಗೆ ಕಾಲು ಹಾಕುತ್ತಿರಲಿಲ್ಲ.